ಹನ್ನೆರಡರಿಂದ ನಾಲ್ಕು

"ನಿಮ್ಮ ಹಡಗು ತೇಲಕ್ಕೆ ಎಷ್ಟ್ ಅಡಿ ನೀರು ಬೇಕ್ಲಾ?"

ಹಡಗು ಹತ್ತಿದ ದಿನ ಮನೆಗೆ ಫೋನ್ ಮಾಡಿದಾಗ ಅಪ್ಪ ಕೇಳಿದ ಮೊದಲ ಮಾತು ಇದು. ಊಟ ಆಯ್ತಾ, ಮೈ ಹುಷಾರಾಗಿದೆಯಾ ಅನ್ನೋದನ್ನೆಲ್ಲ ಅವ್ವನಿಗೆ ಬಿಟ್ಟಿದ್ದ. ಸರಕು ತುಂಬಿದಾಗ ಹಡಗು 14 ಮೀಟರ್ ಮುಳುಗುತ್ತದೆ, ಅಂದರೆ ಸುಮಾರು 46 ಅಡಿ ಎಂದು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದ. "ಕಟ್ಟೆ ತುಂಬದೆ ಕಣ್ಲಾ, ನಿನ್ನೆ 124 ದಾಟ್ತು" ಅಂದ.

ಮಂಡ್ಯ ಕಡೆಯವರಿಗೆ ನೀರು ಅಂದರೆ ಕೆಆರ್‌ಎಸ್. 124.80 ಅಡಿ ಅಂದರೆ ಕಟ್ಟೆ ಪೂರ್ತಿ ತುಂಬಿದೆ ಅಂತ ಇಲ್ಲಿ ಸ್ಕೂಲ್ ಮಕ್ಕಳಿಗೂ ಗೊತ್ತು. ಹಡಗಿನ ಪಕ್ಕೆಯಲ್ಲೂ ಹಾಗೇ ಅಳತೆಯ ಅಂಕಿಗಳನ್ನು ಬರೆದಿರುತ್ತಾರೆ. ಮುಂದೆ, ಮಧ್ಯೆ, ಹಿಂದೆ. ಅದಕ್ಕೆ ಡ್ರಾಫ್ಟ್ ಅಂತಾರೆ. ಮೊದಲ ಸಲ ಆ ಬಿಳಿ ಅಂಕಿ ನೋಡಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಅಳತೆ ನೋಡುವುದು ನಮಗೆ ಗೊತ್ತಿರುವ ಕೆಲಸ ತಾನೆ.

ನಮ್ಮೂರು ಪಾಂಡವಪುರ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಲ್ಲಿ ಇದೆ. ಎರಡೆಕರೆ ಜಮೀನು. ಒಂದೆಕರೆ ಭತ್ತ, ಒಂದೆಕರೆ ಕಬ್ಬು. ನಮ್ಮ ಮನೆಯಲ್ಲಿ ಸಮುದ್ರ ನೋಡಿದವನು ಅಪ್ಪ ಒಬ್ಬನೇ, ಅದೂ ಧರ್ಮಸ್ಥಳಕ್ಕೆ ಹೋದಾಗ ಮಂಗಳೂರಿನ ದಡದಲ್ಲಿ ನಿಂತು. ನಾನು ಮರ್ಚೆಂಟ್ ನೇವಿಗೆ ಹೋಗ್ತೀನಿ ಅಂದಾಗ ಊರಿನವರು ಮಿಲಿಟರಿ ಅಂದುಕೊಂಡರು. ಸರಕು ಸಾಗಿಸುವ ಹಡಗು ಎಂದು ಎಷ್ಟು ಸಲ ಬಿಡಿಸಿ ಹೇಳಿದೆನೋ.

ಸೇರುವ ದಾರಿಯಲ್ಲಿ ನಮಗೆ ಒಂದು ಪೆಟ್ಟು ಬಿತ್ತು. ಹಡಗಿಗೆ ಹತ್ತಿಸ್ತೀನಿ ಅಂದ ಒಬ್ಬ ಏಜೆಂಟ್‌ಗೆ ಎಪ್ಪತ್ತು ಸಾವಿರ ಕೊಟ್ಟೆವು. ಅವ್ವನ ಓಲೆ, ಸರ ಅಡವಿಟ್ಟ ದುಡ್ಡು. ಅವನು ಸಿಗಲಿಲ್ಲ, ದುಡ್ಡೂ ಸಿಗಲಿಲ್ಲ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಕಡೆ ಹುಡುಗರು ಈಗಲೂ ನನ್ನನ್ನು ಕೇಳುವ ಮೊದಲ ಪ್ರಶ್ನೆ "ಎಷ್ಟು ಕೊಡಬೇಕು ಅಣ್ಣ?" ಅಂತ. ಕೋರ್ಸಿಗೆ ಫೀಸ್ ಇದೆ, ಮೆಡಿಕಲ್‌ಗೆ ದುಡ್ಡಾಗುತ್ತದೆ. ಆದರೆ ಹಡಗಿನಲ್ಲಿ ಕೆಲಸ ಕೊಡಿಸುವುದಕ್ಕೆ ನಾವಿಕನ ಹತ್ತಿರ ದುಡ್ಡು ತಗೊಳ್ಳೋ ಹಾಗಿಲ್ಲ. ಆಳು ಕಳಿಸುವ ಕಂಪನಿಗೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನಿಂದ ಆರ್‌ಪಿಎಸ್‌ಎಲ್ ಎನ್ನುವ ಲೈಸೆನ್ಸ್ ಇರಬೇಕು. ಆ ನಂಬರ್ ಕೇಳಿ. ಕೊಡದಿದ್ದರೆ ಅಲ್ಲೇ ಎದ್ದು ಬನ್ನಿ. ಆ ಎಪ್ಪತ್ತು ಸಾವಿರ ತೀರಿಸೋಕೆ ಅಪ್ಪನಿಗೆ ಎರಡು ಬೆಳೆ ಹಿಡಿಯಿತು.

ಆಮೇಲೆ ಸರಿಯಾದ ದಾರಿ ಹಿಡಿದೆ. ಹಡಗಿನ ಕೆಲಸಗಾರನಾಗೋಕೆ ಆರು ತಿಂಗಳ ಜಿಪಿ ರೇಟಿಂಗ್ ಕೋರ್ಸ್. ಗಂಟು ಹಾಕುವುದು, ಬಣ್ಣ ಬಳಿಯುವುದು, ಬೆಂಕಿ ಆರಿಸುವುದು. ಲೈಫ್ ಜಾಕೆಟ್ ಹಾಕಿಕೊಂಡು ಎತ್ತರದಿಂದ ನೀರಿಗೆ ಹಾರುವುದನ್ನೂ ಕಲಿಸಿದರು. ಮೂಗು ಹಿಡಿ, ಕಾಲು ಕತ್ತರಿ ಹಾಕು, ಕೆಳಗೆ ನೋಡಬೇಡ, ನೇರ ಮುಂದೆ ನೋಡು. ನಾಲೆಯಲ್ಲಿ ಈಜು ಕಲಿತವನಿಗೆ ಅದು ಸುಲಭವಾಯಿತು. ಕಣ್ಣಿನ ಪರೀಕ್ಷೆಯಲ್ಲಿ ಬಣ್ಣ ಗುರುತಿಸುವುದು ಮುಖ್ಯ. ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ರಾತ್ರಿ ಎದುರಿನ ಹಡಗು ಯಾವ ಕಡೆ ಹೋಗ್ತಿದೆ ಅಂತ ತಿಳಿಯುವುದು ಆ ಎರಡು ಬಣ್ಣದಿಂದ. ಸಿಡಿಸಿ ಎನ್ನುವ ನಾವಿಕರ ಪುಸ್ತಕ ಬಂತು, ಹಳದಿ ಜ್ವರದ ಚುಚ್ಚುಮದ್ದು ಆಯಿತು. 2022ರ ಜುಲೈ ಕೊನೆಯಲ್ಲಿ ದೇವನಹಳ್ಳಿಯಿಂದ ವಿಮಾನ ಹತ್ತಿದೆ. ಅವ್ವ ಬ್ಯಾಗಿನಲ್ಲಿ ಎರಡು ಕೆಜಿ ರಾಗಿ ಹಿಟ್ಟು, ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ತುಂಬಿದ್ದಳು.

ಹಡಗು ದಡಕ್ಕೆ ಬಂದಿರಲಿಲ್ಲ, ಸಿಂಗಾಪುರದ ಹೊರಗೆ ಲಂಗರು ಹಾಕಿತ್ತು. ಲಾಂಚ್‌ನಲ್ಲಿ ಕರೆದುಕೊಂಡು ಹೋದರು. ಹತ್ತಿರ ಹೋದ ಹಾಗೆ ಆಕಾಶವೇ ಕಾಣದ ಹಾಗೆ ಒಂದು ಕೆಂಪು ಕಬ್ಬಿಣದ ಗೋಡೆ ಎದ್ದಿತು. 225 ಮೀಟರ್ ಉದ್ದ, ಏಳು ಹೋಲ್ಡ್. ಹೋಲ್ಡ್ ಅಂದರೆ ಸರಕು ತುಂಬುವ ಗುಂಡಿ, ನಮ್ಮ ಹಗೇವು ಇದ್ದ ಹಾಗೆ. ಒಂದೊಂದೂ ಐದಾರು ಮಹಡಿ ಮನೆಯಷ್ಟು ಆಳ. ಖಾಲಿ ಹಡಗು ನೀರಿನಿಂದ ತುಂಬಾ ಮೇಲಿರುತ್ತದೆ. ಹಗ್ಗದ ಏಣಿ ಒಂದನ್ನೇ 9 ಮೀಟರ್‌ಗಿಂತ ಜಾಸ್ತಿ ಇಳಿಬಿಡೋ ಹಾಗಿಲ್ಲ. ಅದಕ್ಕೇ ಅರ್ಧಕ್ಕೆ ಕಬ್ಬಿಣದ ಮೆಟ್ಟಿಲು ಜೋಡಿಸಿದ್ದರು. ಅಲೆ ಲಾಂಚನ್ನು ಮೇಲೆ ಎತ್ತಿದ ಕ್ಷಣವೇ ಏಣಿ ಹಿಡಿಯಬೇಕು. ಮೇಲೆ ಹತ್ತಿದಾಗ ತೂತುಕುಡಿಯ ಬೋಸನ್ ನನ್ನ ಕೈ ಹಿಡಿದು ಎಳೆದುಕೊಂಡ. ಬೋಸನ್ ಅಂದರೆ ಡೆಕ್‌ನ ಮೇಸ್ತ್ರಿ. ಕನ್ನಡ ಬರುವವರು ಆ ಇಪ್ಪತ್ತೊಂದು ಜನರಲ್ಲಿ ನಾನೊಬ್ಬನೇ.

ನನ್ನನ್ನು ಹನ್ನೆರಡರಿಂದ ನಾಲ್ಕರ ವಾಚ್‌ಗೆ ಹಾಕಿದರು. ಹಡಗಿನಲ್ಲಿ ದಿನವನ್ನು ನಾಲ್ಕು ನಾಲ್ಕು ಗಂಟೆಯಾಗಿ ಕತ್ತರಿಸುತ್ತಾರೆ. ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕು, ಮತ್ತೆ ರಾತ್ರಿ ಹನ್ನೆರಡರಿಂದ ನಾಲ್ಕು. ಹನ್ನೊಂದೂವರೆಗೆ ಕ್ಯಾಬಿನ್ ಫೋನ್ ಬಡಿಯುತ್ತದೆ. ಹತ್ತು ನಿಮಿಷ ಮುಂಚೆಯೇ ಮೇಲೆ ಬ್ರಿಡ್ಜ್‌ಗೆ ಹೋಗಬೇಕು. ಬ್ರಿಡ್ಜ್ ಅಂದರೆ ಹಡಗು ನಡೆಸುವ ಕೋಣೆ, ರಾತ್ರಿ ಅಲ್ಲಿ ದೀಪ ಇರುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಸುಮ್ಮನೆ ನಿಲ್ಲಬೇಕು. ಆಮೇಲೆ ಒಬ್ಬರಿಂದ ಒಬ್ಬರಿಗೆ ಕೆಲಸ ಒಪ್ಪಿಸುವುದು. ಹಡಗು ಯಾವ ದಿಕ್ಕಿಗೆ ಹೋಗುತ್ತಿದೆ, ಎಡಗಡೆ ಮೀನುಗಾರರ ದೋಣಿ ಎಷ್ಟಿವೆ, ಬಲಗಡೆ ಬರುತ್ತಿರುವ ಹಡಗು ಎಷ್ಟು ದೂರ, ಏನೇನು ನೋಡಿಕೊಳ್ಳಬೇಕು. ಒಪ್ಪಿಸಿದವನು ಬಾಯಿಬಿಟ್ಟು ಹೇಳಬೇಕು, ತಗೊಂಡವನು ಬಾಯಿಬಿಟ್ಟು ತಿರುಗಿ ಹೇಳಬೇಕು. ಆಮೇಲೆಯೇ ಹಳಬ ಕೆಳಗೆ ಇಳಿಯುವುದು.

ನನ್ನ ಕೆಲಸ ನೋಡುವುದು. ಅಷ್ಟೇ. ನಾಲ್ಕು ಗಂಟೆ ಕತ್ತಲೆಯನ್ನು ನೋಡುವುದು. ರಾಡಾರ್ ಇದೆ, ಸೆಕೆಂಡ್ ಆಫೀಸರ್ ಇದ್ದಾರೆ. ಆದರೂ ಸಣ್ಣ ಮರದ ದೋಣಿ ಎಷ್ಟೋ ಸಲ ರಾಡಾರ್‌ಗೆ ಸಿಗುವುದಿಲ್ಲ, ಕಣ್ಣಿಗೆ ಸಿಗುತ್ತದೆ. ಒಂದು ಚುಕ್ಕಿ ಬೆಳಕು ಕಂಡರೂ ಹೇಳಬೇಕು. ನಕ್ಷತ್ರ ಆದರೂ ಪರವಾಗಿಲ್ಲ, ಹೇಳು ಅಂತಿದ್ದರು. ಕೆಳಗೆ ಹದಿನೆಂಟು ಜನ ಮಲಗಿದ್ದಾರೆ ಎನ್ನುವುದು ಮೊದಲ ವಾರ ನನ್ನ ತಲೆಯಲ್ಲಿ ಓಡುತ್ತಲೇ ಇತ್ತು.

ಸಿಂಗಾಪುರದಿಂದ ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇಗೆ ಹದಿನಾರು ದಿನ. ಪಶ್ಚಿಮಕ್ಕೆ ಹೋದ ಹಾಗೆ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ. ಆ ದಿನಕ್ಕೆ 25 ಗಂಟೆ. ದಾರಿಯಲ್ಲಿ ಕೆಲವು ದಿನ ನಮ್ಮ ಗಡಿಯಾರ ಊರಿನ ಗಡಿಯಾರಕ್ಕೆ ಅರ್ಧ ಗಂಟೆ ಆಚೀಚೆ ಇತ್ತು. ನಾವು ಇಂಡಿಯಾದ ಕೆಳಗೆ, ತುಂಬಾ ಕೆಳಗೆ ಹೋಗುತ್ತಿದ್ದೆವು. ಆ ದಿನಗಳಲ್ಲೇ ಅವ್ವನ ಮೆಸೇಜ್ ಬಂತು. ಮಳೆ ಜಾಸ್ತಿ, ನಾಟಿ ಹಾಕಿದ ಪೈರು ಮುಳುಗ್ತದೆ ಅಂತ ಅಪ್ಪ ರಾತ್ರಿಯೆಲ್ಲ ಗದ್ದೇಲಿದ್ದ, ತೆವರಿ ಕಡಿದು ನೀರು ಬಿಟ್ಟು ಬೆಳಗಿನ ಜಾವ ಬಂದ ಅಂತ.

ನಾನು ಲೆಕ್ಕ ಹಾಕಿದೆ. ನಾನು ಬ್ರಿಡ್ಜ್‌ನಲ್ಲಿ ನಿಂತಿದ್ದ ಅದೇ ಹೊತ್ತು.

ಒಂದು ವಿಷಯ ಬರೆಯಲೇಬೇಕು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಮಂಡ್ಯದಿಂದ ಗೆಳೆಯನೊಬ್ಬ ಮನೆಗೆ ಬಂದಿದ್ದ. ಬೆಳಗ್ಗೆ ಹತ್ತು ಗಂಟೆ. ಅಪ್ಪ ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಕಾಲಲ್ಲಿ ಕೆಸರು ಒಣಗಿತ್ತು. ಗೆಳೆಯನ ಅಪ್ಪ ಆಫೀಸಿನವರು, ಬೆಳಗ್ಗೆ ಇಸ್ತ್ರಿ ಶರ್ಟ್ ಹಾಕಿಕೊಂಡು ಹೊರಡುವವರು. ನನಗೆ ನಾಚಿಕೆಯಾಯಿತು. ಅಪ್ಪನಿಗೆ ಜ್ವರ ಅಂತ ಸುಳ್ಳು ಹೇಳಿದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಿದ್ದ ಕಾಲ ಅದು. ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ. ನಮ್ಮ ಸರದಿ ರಾತ್ರಿ ಬಂದರೆ ರಾತ್ರಿಯೇ ಹೋಗಬೇಕು. ಅಪ್ಪ ಟಾರ್ಚು, ಸಲಿಕೆ ತಗೊಂಡು ಹನ್ನೊಂದಕ್ಕೆ ಹೊರಡುತ್ತಿದ್ದ. ನಾನು ಆ ಸದ್ದು ಕೇಳಿ ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಹಡಗಿನಲ್ಲಿ ಈಗ ನಾನು ನಾಲ್ಕೂವರೆಗೆ ಮಲಗಿ ಹತ್ತಕ್ಕೆ ಏಳುವವನು. ಒಂದು ದಿನ ಕ್ಯಾಬಿನ್ ಹೊರಗೆ ಇಬ್ಬರು ಜೋರಾಗಿ ಮಾತಾಡುತ್ತಾ ಹೋದರು. ಎಚ್ಚರವಾಗಿ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅಪ್ಪನ ಕೆಸರಿನ ಕಾಲು ಕಣ್ಣ ಮುಂದೆ ಬಂತು. ಎದ್ದು ಕೂತುಬಿಟ್ಟೆ. ಫೋನ್‌ನಲ್ಲಿ ಇದನ್ನು ಹೇಳೋಕೆ ಆಗಲಿಲ್ಲ. ತಿಂಗಳಿಗೆ ಇಷ್ಟು ಎಂಬಿ ಅಂತ ಲೆಕ್ಕ ಇಟ್ಟು ಕೊಡುವ ಇಂಟರ್‌ನೆಟ್‌ನಲ್ಲಿ ಹೇಳುವ ಮಾತಲ್ಲ ಅದು.

ರಿಚರ್ಡ್ಸ್ ಬೇನಲ್ಲಿ ಕಲ್ಲಿದ್ದಲು ತುಂಬಿದೆವು. ಆ ಆಗಸ್ಟ್‌ನಿಂದ ಯುರೋಪ್ ರಷ್ಯಾದ ಕಲ್ಲಿದ್ದಲು ತಗೊಳ್ಳೋದನ್ನು ನಿಲ್ಲಿಸಿತ್ತು. ಹಾಗಾಗಿ ಆಫ್ರಿಕಾದ ಕಲ್ಲಿದ್ದಲಿಗೆ ಅಲ್ಲಿ ಬೇಡಿಕೆ ಬಂದಿತ್ತು. ನಮ್ಮದು ರಾಟರ್‌ಡ್ಯಾಮ್‌ಗೆ. ಆಫ್ರಿಕಾದ ತುದಿ ದಾಟುವಾಗ ಸಮುದ್ರ ನಮ್ಮನ್ನು ಚೆನ್ನಾಗಿ ಕುಲುಕಿತು. ಅಗುಲ್ಹಾಸ್ ಎನ್ನುವ ಪ್ರವಾಹ ಅಲ್ಲಿ ತೆಂಕಣಕ್ಕೆ ಹರಿಯುತ್ತದೆ, ಗಾಳಿ ಎದುರಿನಿಂದ ಬೀಸುತ್ತದೆ. ಎರಡೂ ಡಿಕ್ಕಿಯಾದರೆ ಅಲೆ ಗೋಡೆಯ ಹಾಗೆ ಕಡಿದಾಗಿ ಏಳುತ್ತದೆ. ಮೂರು ದಿನ ನನಗೆ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಅವ್ವನ ಹುರಿಹಿಟ್ಟನ್ನು ಸಕ್ಕರೆ, ಬಿಸಿ ನೀರಿನಲ್ಲಿ ಕಲಸಿ ಚಮಚದಲ್ಲಿ ತಿಂದೆ. ಅದೊಂದು ನಿಂತಿತು. ಆದರೂ ವಾಚ್ ತಪ್ಪಿಸಲಿಲ್ಲ. ಬಕೆಟ್ ಪಕ್ಕದಲ್ಲಿಟ್ಟುಕೊಂಡು ನಿಂತೆ.

ಕಷ್ಟ ಅಂದರೆ ಏನು ಅಂತ ಗೊತ್ತಾಗಿದ್ದು ರಾಟರ್‌ಡ್ಯಾಮ್ ಬಿಟ್ಟ ಮೇಲೆ. ಮುಂದಿನ ಸರಕು ಬ್ರೆಜಿಲ್‌ನ ಸಾಂಟೋಸ್‌ನಲ್ಲಿ, ಸಕ್ಕರೆ. ಕಲ್ಲಿದ್ದಲು ಇದ್ದ ಹೋಲ್ಡ್‌ಗೆ ಸಕ್ಕರೆ ತುಂಬಬೇಕು! ನಮಗಿದ್ದದ್ದು ಹದಿನೆಂಟು ದಿನ, ಏಳು ಹೋಲ್ಡ್.

ಮೊದಲು ಗುಡಿಸಿ ಬಕೆಟ್‌ನಲ್ಲಿ ಮೇಲೆತ್ತುವುದು. ಆಮೇಲೆ ಒತ್ತಡದ ಗನ್ ಹಿಡಿದು ಸಮುದ್ರದ ನೀರಿನಿಂದ ತೊಳೆಯುವುದು. ಆ ಗನ್ ಹಿಡಿಯಲು ಇಬ್ಬರು ಬೇಕು, ಇಲ್ಲದಿದ್ದರೆ ಎತ್ತಿನ ಹಾಗೆ ನಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಗೋಡೆಯ ಮೇಲೆ, ತೊಲೆಗಳ ಹಿಂದೆ, ಪೈಪಿನ ಸಂದಿಯಲ್ಲಿ ಕಪ್ಪು ಪುಡಿ ಮೆತ್ತಿಕೊಂಡಿರುತ್ತದೆ. ಮೇಲಿನಿಂದ ತೊಳೆದರೆ ಕೆಳಗೆ ಇಳಿಯುತ್ತದೆ, ಕೆಳಗೆ ತೊಳೆದರೆ ಮೇಲೆ ಇನ್ನೂ ಕಾಣುತ್ತದೆ. ಹೋಲ್ಡ್‌ನ ಮೂಲೆಯಲ್ಲಿ ನೀರು ಬಸಿಯುವ ಸಣ್ಣ ಗುಂಡಿಗಳಿರುತ್ತವೆ. ಅದರೊಳಗೆ ಇಳಿದು ಕೈಯಿಂದಲೇ ಕೆಸರು ತೆಗೆಯಬೇಕು. ಕ್ಲೀನ್ ಆದ ಮೇಲೆ ಅದರ ಬಾಯಿಗೆ ಗೋಣಿತಟ್ಟು ಸುತ್ತುತ್ತಾರೆ. ನೀರು ಇಳಿಯಬೇಕು, ಸಕ್ಕರೆ ಇಳಿಯಬಾರದು.

ಕೆಳಗೆ ಇಳಿಯುವ ಮುಂಚೆ ಗಾಳಿ ಅಳೆಯುವ ಯಂತ್ರ ಬಿಟ್ಟು ನೋಡುತ್ತಿದ್ದರು. ಕಲ್ಲಿದ್ದಲು ಇದ್ದ ಜಾಗದಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಇಳಿದವನು ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಊರಿನಲ್ಲಿ ಪಾಳು ಬಾವಿಗೆ ಇಳಿದು ಹೀಗೆ ಆದದ್ದನ್ನು ಕೇಳಿದ್ದೇವೆ ಅಲ್ವಾ, ಅದೇ. ಯಂತ್ರ ಆಮ್ಲಜನಕ ನೂರಕ್ಕೆ 20.9 ಎಂದು ತೋರಿಸದೆ ಚೀಫ್ ಆಫೀಸರ್ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಎಷ್ಟು ಅವಸರ ಇದ್ದರೂ ದಿನಕ್ಕೆ ಹತ್ತು ಗಂಟೆ ವಿಶ್ರಾಂತಿಯ ನಿಯಮವನ್ನೂ ಅವರು ಮುರಿಯಲಿಲ್ಲ. ಅವರ ಬಗ್ಗೆ ನನಗೆ ಈಗಲೂ ಗೌರವ.

ಕೊನೆಗೆ ಸಿಹಿನೀರಿನಿಂದ ಒಂದು ಸಲ ತೊಳೆಯಬೇಕು, ಇಲ್ಲದಿದ್ದರೆ ಉಪ್ಪು ಉಳಿಯುತ್ತದೆ. ಸಿಹಿನೀರು ಎಲ್ಲಿಂದ? ಎಂಜಿನ್‌ನ ಬಿಸಿಯಲ್ಲಿ ಸಮುದ್ರದ ನೀರನ್ನು ಆವಿ ಮಾಡಿ ಹಡಗೇ ತಯಾರಿಸುತ್ತದೆ. ನಮ್ಮ ಹಡಗಿನಲ್ಲಿ ದಿನಕ್ಕೆ ಇಪ್ಪತ್ತು ಟನ್ ಹತ್ತಿರ ಬರುತ್ತಿತ್ತು. ಕುಡಿಯೋಕೆ, ಅಡುಗೆಗೆ, ಸ್ನಾನಕ್ಕೆ ಅದೇ. ಹೋಲ್ಡ್‌ಗೆ ಕೂಡಿಡಬೇಕು ಎಂದು ವಾಷಿಂಗ್ ಮೆಷಿನ್‌ಗೆ ಸರದಿ ಹಾಕಿದರು. ಯಾರು ಯಾವ ದಿನ ಎಂದು ಗೋಡೆಗೆ ಚೀಟಿ ಅಂಟಿಸಿದರು. ರತ್ನಾಗಿರಿಯ ಹುಡುಗ ಗೊಣಗಿದ. ನನಗೆ ಆ ಚೀಟಿ ನೋಡಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವ ನಮ್ಮ ನೀರುಗಂಟಿ ನೆನಪಾದ.

ಹೋಲ್ಡ್ ಮುಚ್ಚಳದ ರಬ್ಬರ್ ಸರಿ ಇದೆಯಾ ಎಂದು ನೋಡುವ ಕೆಲಸ ನನಗೆ ಬಂತು. ಮುಚ್ಚಳ ಹಾಕಿ ಹೊರಗಿನಿಂದ ಜೋರಾಗಿ ನೀರು ಬಿಡುತ್ತಾರೆ. ಒಳಗೆ ಕತ್ತಲೆಯಲ್ಲಿ ಟಾರ್ಚ್ ಹಿಡಿದು ಹನಿ ಬೀಳುತ್ತದಾ ಅಂತ ನೋಡಬೇಕು. ಐದನೇ ಹೋಲ್ಡ್‌ನಲ್ಲಿ ಒಂದು ಹನಿ ಕಂಡಿತು. ಮತ್ತೆ ಕಾಯ್ದೆ. ಇನ್ನೊಂದು. ಅಷ್ಟು ದೊಡ್ಡ ಹಡಗಿನಲ್ಲಿ ಒಂದು ಹನಿ ಅಂತ ಅನಿಸಬಹುದು. ಅಲೆ ಡೆಕ್ ಮೇಲೆ ಬರುವಾಗ ದಿನಗಟ್ಟಲೆ ಆ ಜಾಗದಲ್ಲಿ ನೀರು ಇಳಿದರೆ ಕೆಳಗಿನ ಸಕ್ಕರೆ ಪಾಕವಾಗುತ್ತದೆ. ಆ ರಬ್ಬರ್ ಬದಲಿಸಿದರು.

ಇಷ್ಟಾದರೂ ಸಾಂಟೋಸ್‌ನಲ್ಲಿ ಸರ್ವೇಯರ್ ಬಂದು ಆರನೇ ಹೋಲ್ಡ್‌ನ್ನು ಒಪ್ಪಲಿಲ್ಲ. ತೊಲೆಯೊಂದರ ಹಿಂದೆ ಕೈಯಾಡಿಸಿದರು, ಬೆರಳು ಕಪ್ಪಾಯಿತು. ಅದು ನಾನು ತೊಳೆದ ಗೋಡೆ. ಯಾರೂ ಬೈಯಲಿಲ್ಲ. ಬೋಸನ್ ಬಂದು ಏಣಿ ಹಿಡಿದು ನಿಂತ. ಆರು ಗಂಟೆ ಆ ಒಂದು ಹೋಲ್ಡ್ ತಿಕ್ಕಿದೆವು. ಎರಡನೇ ಸಲ ಪಾಸಾಯಿತು.

ಸಾಂಟೋಸ್‌ನಿಂದ ಹೊರಗೆ ಹೋಗುವಷ್ಟು ಸಕ್ಕರೆ ಜಗತ್ತಿನ ಬೇರೆ ಯಾವ ಬಂದರಿನಿಂದಲೂ ಹೋಗುವುದಿಲ್ಲ. ಕಂದು ಬಣ್ಣದ ಕಚ್ಚಾ ಸಕ್ಕರೆ, ಚೀಲ ಇಲ್ಲ, ಏನಿಲ್ಲ. ದೊಡ್ಡ ಕೊಳವೆಯಿಂದ ಜಲಪಾತದ ಹಾಗೆ ಹೋಲ್ಡ್‌ಗೆ ಸುರಿಯುತ್ತದೆ. ಮೊದಲ ಸಲ ಸುರಿದಾಗ ಎದ್ದ ವಾಸನೆ ಇದೆಯಲ್ಲ, ಅದು ಆಲೆಮನೆಯದು. ಕೊಪ್ಪರಿಗೆಯಲ್ಲಿ ಬೆಲ್ಲ ಪಾಕಕ್ಕೆ ಬರುವಾಗಿನ ವಾಸನೆ. ಭೂಮಿಯ ಆ ಕಡೆ ನಿಂತಿದ್ದೀನಿ, ಮೂಗು ಮಾತ್ರ ನಮ್ಮೂರಿನಲ್ಲಿದೆ. ಅಲ್ಲಿ ಮಳೆ ಜಾಸ್ತಿ. ನಾಲ್ಕು ಹನಿ ಬಿದ್ದರೂ ಲೋಡಿಂಗ್ ನಿಲ್ಲಿಸಿ ಮುಚ್ಚಳ ಎಳೆಯಬೇಕು, ನಿಂತ ಮೇಲೆ ಮತ್ತೆ ತೆಗೆಯಬೇಕು. ರಾತ್ರಿ ಹಗಲು ಅದೇ ಆಯಿತು.

ಒಟ್ಟು 65,000 ಟನ್. ಅವತ್ತು ವಾಚ್ ಮುಗಿದ ಮೇಲೆ ಲೆಕ್ಕ ಹಾಕಿದೆ. ದಿನಕ್ಕೆ 5,000 ಟನ್ ಕಬ್ಬು ಅರೆಯುವ ಕಾರ್ಖಾನೆ, ಇಳುವರಿ ನೂರಕ್ಕೆ ಹತ್ತು ಸಿಕ್ಕಿದರೆ 500 ಟನ್ ಸಕ್ಕರೆ. ನಮ್ಮ ಒಂದು ಹಡಗು ತುಂಬಲು ಅಂಥ ಕಾರ್ಖಾನೆ 130 ದಿನ ನಿಲ್ಲದೆ ಓಡಬೇಕು. ಮಂಡ್ಯದ ಮೈಷುಗರ್ ಶುರುವಾದದ್ದು 1933ರಲ್ಲಿ. ಅದರ ಮುಂದೆ ಗಾಡಿ ಕಟ್ಟಿಕೊಂಡು ಸರದಿಯಲ್ಲಿ ಕಾದವರ ಮೊಮ್ಮಗ ನಾನು. ನಾವು ಕಬ್ಬಿನ ರೇಟು ಯಾಕೆ ಏರಿತು, ಯಾಕೆ ಇಳಿಯಿತು ಎಂದು ಬೆಂಗಳೂರಿನ ಕಡೆ, ದೆಹಲಿಯ ಕಡೆ ನೋಡುತ್ತೇವೆ. ಇಷ್ಟು ಸಕ್ಕರೆ ಪ್ರತಿದಿನ ಈ ಸಮುದ್ರದ ಮೇಲೆ ಓಡಾಡುತ್ತಿದೆ ಎನ್ನುವುದು ನಮಗೆ ಯಾರಿಗೂ ಕಾಣುವುದಿಲ್ಲ. ಅಪ್ಪನಿಗೆ ಫೋನ್‌ನಲ್ಲಿ ಹೇಳಿದೆ. "ಒಂದು ಹಡಗಿಗಾ?" ಅಂತ ಎರಡು ಸಲ ಕೇಳಿದ.

ಸಕ್ಕರೆ ಇಂಡೋನೇಷ್ಯಾಗೆ ಹೋಯಿತು. ಅಲ್ಲಿ ಐದನೇ ಹೋಲ್ಡ್ ಮುಚ್ಚಳ ತೆಗೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸಕ್ಕರೆ ಒಣಗಿತ್ತು, ಪುಡಿಪುಡಿಯಾಗಿ.

ಆಮೇಲೆ ಆಸ್ಟ್ರೇಲಿಯಾ, ಜಪಾನ್ ನಡುವೆ ಎರಡು ಟ್ರಿಪ್ ಆಯಿತು. ಅದರಲ್ಲಿ ಹೇಳುವಂಥದ್ದು ಕಡಿಮೆ. 2023ರ ಯುಗಾದಿ, ಮಾರ್ಚ್ 22, ಸಮುದ್ರದ ಮೇಲೆ ಬಂತು. ಬೇವಿನ ಸೊಪ್ಪು ಎಲ್ಲಿ ಸಿಗಬೇಕು? ಮೆಂತ್ಯ ಕಾಳು ಸಕ್ಕರೆ ಜೊತೆ ಬೆರೆಸಿ ಎಲ್ಲರಿಗೂ ಕೊಟ್ಟೆ. ಮಾರನೇ ದಿನ ಹೊಸತೊಡಕು ಎಂದು ಗೋವಾದ ಚೀಫ್ ಕುಕ್‌ಗೆ ವಿವರಿಸಿದಾಗ ಅವರು ಮಟನ್ ಸಾರು ಮಾಡಿದರು. ಉಳಿದಿದ್ದ ರಾಗಿ ಹಿಟ್ಟಿನಲ್ಲಿ ನಾನೇ ಮುದ್ದೆ ತಿರುವಿದೆ. ಗಂಟು ಗಂಟಾಯಿತು. ಬೋಸನ್ ಎರಡು ಮುದ್ದೆ ತಿಂದ.

ಏಪ್ರಿಲ್‌ನಲ್ಲಿ ಸಿಂಗಾಪುರದಲ್ಲೇ ಇಳಿದೆ. ನನ್ನ ಜಾಗಕ್ಕೆ ಬಂದ ಹುಡುಗ ಏಣಿ ಹತ್ತಿ ಬಂದಾಗ ಕೈ ಹಿಡಿದು ಎಳೆದುಕೊಂಡವನು ನಾನು. ಅವನ ಕೈ ಐಸ್ ಆಗಿತ್ತು. ಬೆಂಗಳೂರಿನಿಂದ ಹೊಸ ಎಕ್ಸ್‌ಪ್ರೆಸ್‌ವೇನಲ್ಲಿ ಬಂದೆ. ಹೋಗುವಾಗ ಇರಲಿಲ್ಲ ಆ ರಸ್ತೆ, ಮಾರ್ಚ್‌ನಲ್ಲಷ್ಟೇ ಉದ್ಘಾಟನೆ ಆಗಿತ್ತು. ಮದ್ದೂರು ಯಾವಾಗ ಬಂತು, ಯಾವಾಗ ಹೋಯಿತು ಗೊತ್ತೇ ಆಗಲಿಲ್ಲ. ವಡೆ ತಿನ್ನಬೇಕೆಂದು ಒಂಬತ್ತು ತಿಂಗಳು ಅಂದುಕೊಂಡಿದ್ದೆ.

ಮನೆಗೆ ಬಂದ ಮೂರನೇ ದಿನ ನಾಲೆಯಲ್ಲಿ ನೀರಿತ್ತು. ನಮ್ಮ ಸರದಿ ರಾತ್ರಿ. ಅಪ್ಪ ಹತ್ತೂವರೆಗೆ ಸಲಿಕೆ ತಗೊಂಡು ಹೊರಟ. ನಾನು ಮಲಗಿದವನಿಗೆ ಹನ್ನೊಂದೂವರೆಗೆ ತಾನಾಗೇ ಎಚ್ಚರವಾಯಿತು. ಫೋನ್ ಬಡಿಯುತ್ತದೆ ಅಂತ ಒಂದು ನಿಮಿಷ ಕಾದೆ. ಆಮೇಲೆ ಎದ್ದು ಟವಲ್ ತಲೆಗೆ ಸುತ್ತಿಕೊಂಡು ಗದ್ದೆಗೆ ಹೋದೆ. ಟಾರ್ಚ್ ಹಾಕಲಿಲ್ಲ. ತೆವರಿಯ ಮೇಲೆ ನಿಂತೆ, ಕಣ್ಣು ಹೊಂದಿಕೊಳ್ಳಲಿ ಅಂತ. ನಿಧಾನಕ್ಕೆ ಕಬ್ಬಿನ ಸಾಲು ಕಂಡವು, ಸಾಲಿನಲ್ಲಿ ನೀರಿನ ಹೊಳಪು ಕಂಡಿತು, ಅಪ್ಪ ಕಂಡ.

"ಯಾಕ್ಲಾ ಎದ್ದು ಬಂದೆ?"

"ನೀನು ಮಲಗೋಗಪ್ಪ. ನಾನು ನೋಡ್ಕೋತೀನಿ."

ಅಪ್ಪ ತಕ್ಷಣ ಸಲಿಕೆ ಕೊಡಲಿಲ್ಲ. ತೂಬಿನ ಕಡೆ ಕೈ ತೋರಿಸಿದ. "ಮೇಲಿನ ಹತ್ತು ಸಾಲು ಆಗದೆ. ಹನ್ನೊಂದನೇದು ಅರ್ಧ. ಮೂರು ಗಂಟೆಗೆ ಪಕ್ಕದೋರಿಗೆ ತಿರುಗಿಸ್ಬೇಕು, ಅವರು ಬರದಿದ್ರೆ ಹೋಗಿ ಎಬ್ಬಿಸು. ಹೊಂಗೆ ಮರದ ತಾವ ಏರೀಲಿ ಏಡಿ ತೂತು ಮಾಡದೆ, ಮಣ್ಣು ಮೆತ್ತಿವ್ನಿ. ಅರ್ಧ ಗಂಟೆಗೊಂದ್ ಸಲ ನೋಡ್ಕೊ."

"ಮೇಲಿನ ಹತ್ತು ಆಗದೆ, ಹನ್ನೊಂದು ಅರ್ಧ, ಮೂರು ಗಂಟೆಗೆ ಪಕ್ಕದೋರಿಗೆ, ಹೊಂಗೆ ಮರದ ತಾವ ತೂತು" ಅಂದೆ.

ಅಪ್ಪ ಸಲಿಕೆ ಕೊಟ್ಟ.